ಐದು ಮೀಟರ್ ಚೌಕದ ಲೆಕ್ಕ: ಕಾಸರಗೋಡಿನ ಗದ್ದೆ, ತೋಟಗಳಲ್ಲಿ ಬೆಳೆ ಸಮೀಕ್ಷೆ ಮಾಡುವ ಕ್ರಮ

ಇಳುವರಿ ಅಂದಾಜಿಸಲು ಗದ್ದೆಯ ಒಂದು ತುಂಡನ್ನಷ್ಟೇ ಕೊಯ್ದು ತೂಗುವುದಕ್ಕೆ ಬೆಳೆ ಕಟಾವು ಪ್ರಯೋಗ ಎನ್ನುತ್ತಾರೆ. ಭತ್ತದಲ್ಲಿ ಅದಕ್ಕೆ ಹಾಕುವ ಚೌಕ 5 ಮೀಟರ್ ಉದ್ದ, 5 ಮೀಟರ್ ಅಗಲ. ಅಂದರೆ 25 ಚದರ ಮೀಟರ್, ನಮ್ಮ ಊರಿನ ಲೆಕ್ಕದಲ್ಲಿ ಮುಕ್ಕಾಲು ಸೆಂಟೂ ಇಲ್ಲ. ಒಂದು ಹೆಕ್ಟೇರಿನಲ್ಲಿ ಇಂಥ 400 ಚೌಕಗಳು ಹಿಡಿಸುತ್ತವೆ. ಹಾಗಾಗಿ ಚೌಕದ ಭತ್ತ ತೂಗುವಾಗ ಒಂದು ಕಿಲೋ ಹೆಚ್ಚುಕಮ್ಮಿಯಾದರೆ ಕಾಗದದ ಮೇಲೆ ಹೆಕ್ಟೇರಿಗೆ 400 ಕಿಲೋ ಹೆಚ್ಚುಕಮ್ಮಿಯಾಗುತ್ತದೆ. ಜಿಲ್ಲೆಯ ಸರಾಸರಿ, ರಾಜ್ಯದ ಉತ್ಪಾದನೆ, ಕೊನೆಗೆ ದೇಶದ ಆಹಾರಧಾನ್ಯದ ಅಂಕಿ ಎಲ್ಲವೂ ಈ ಚೌಕಗಳಿಂದಲೇ ಮೇಲೇಳುತ್ತವೆ.

ಗಡಿಯಾಚೆ ಪುತ್ತೂರು, ಬಂಟ್ವಾಳ ತಾಲೂಕುಗಳಲ್ಲಿ ಪ್ರತಿ ಸರ್ವೆ ನಂಬರಿಗೂ ಪಹಣಿ ಇದೆ, ಅದರಲ್ಲಿ ಬೆಳೆಯ ಕಾಲಮ್ಮೂ ಇದೆ. ಈಚೆ ಎಣ್ಮಕಜೆ, ಪೈವಳಿಕೆ, ಬದಿಯಡ್ಕದಲ್ಲಿ ಆ ವ್ಯವಸ್ಥೆ ಇಲ್ಲ. ವರ್ಷವರ್ಷ ಊರಿನ ಎಲ್ಲ ಜಾಗದ ಬೆಳೆ ಬರೆದಿಡುವ ಕಂದಾಯ ದಾಖಲೆ ಇಲ್ಲದ ರಾಜ್ಯಗಳಲ್ಲಿ ಕೇರಳವೂ ಒಂದು. ಪಶ್ಚಿಮ ಬಂಗಾಳ, ಒಡಿಶಾ ಇನ್ನೆರಡು. ಈ ರಾಜ್ಯಗಳಿಗೆಂದೇ ಇರುವ ಇಯರಾಸ್ (EARAS) ಎಂಬ ಕೃಷಿ ಅಂಕಿಅಂಶ ಯೋಜನೆಯಲ್ಲಿ ಆಯ್ದ ಸರ್ವೆ ಸಬ್‌ಡಿವಿಷನ್‌ಗಳನ್ನು ಮಾತ್ರ ನೋಡಿ ಉಳಿದದ್ದನ್ನು ಅಂದಾಜಿಸುತ್ತಾರೆ. ಇಲ್ಲಿ ಆ ಕೆಲಸ ಇಕನಾಮಿಕ್ಸ್ ಆಂಡ್ ಸ್ಟ್ಯಾಟಿಸ್ಟಿಕ್ಸ್ ಇಲಾಖೆಯದು. ಪಹಣಿ ಇರುವಲ್ಲಿ ಒಂದು ಜಾಗದ ತಪ್ಪು ಆ ಜಾಗಕ್ಕಷ್ಟೇ. ಮಾದರಿ ಸಮೀಕ್ಷೆಯಲ್ಲಿ ಒಂದು ಜಾಗದ ತಪ್ಪು ನೋಡದೇ ಬಿಟ್ಟ ನೂರಾರು ಜಾಗಗಳ ಮೇಲೆ ಕೂರುತ್ತದೆ.

ಈ ಬರಹ ಸಮೀಕ್ಷೆಗೆ ಹೊಸದಾಗಿ ಸೇರಿದವರಿಗೆ, ಪಾಡಶೇಖರ ಸಮಿತಿಯವರಿಗೆ (ಒಂದು ಬಯಲಿನ ಭತ್ತದ ಕೃಷಿಕರ ಕೂಟ), ಮತ್ತು ತನ್ನ ಗದ್ದೆಯಲ್ಲಿ ಹಗ್ಗ ಹಿಡಿದು ನಿಂತವರು ಮಾಡುತ್ತಿರುವುದು ಸರಿಯೇ ಎಂದು ತಿಳಿಯಬೇಕೆನ್ನುವ ಕೃಷಿಕರಿಗೆ.

ಹೊರಡುವ ಮುಂಚೆ

ಚೀಲದಲ್ಲಿ ಇರಬೇಕಾದವು: 30 ಮೀಟರಿನ ಟೇಪು, ನಾಲ್ಕು ಗೂಟ, ಎಳೆದರೆ ಹಿಗ್ಗದ ಹಗ್ಗ, 10 ಗ್ರಾಂನಷ್ಟು ಸಣ್ಣ ವ್ಯತ್ಯಾಸವನ್ನೂ ತೋರಿಸುವ ತಕ್ಕಡಿ, ಮುದ್ರೆ ಬಿದ್ದ 2 ಕಿಲೋ ತೂಕದ ಕಲ್ಲು, ಟಾರ್ಪಾಲು, ಕತ್ತಿ, ಒಂದು ಕಿಲೋ ಹಿಡಿಯುವ ಬಟ್ಟೆ ಚೀಲ, ಸಿಕ್ಕಿದರೆ ತೇವಾಂಶ ಮಾಪಕ. ಹೊಸ ನೈಲಾನ್ ಹಗ್ಗ ಒದ್ದೆಯಾದ ಮೇಲೆ ಅದರ ಉದ್ದ ಬದಲಾಗಬಹುದು. ಹಗ್ಗದಲ್ಲಿ ಗಂಟು ಹಾಕಿ ಅದನ್ನೇ ಅಳತೆಯಾಗಿ ಬಳಸುವವರಿದ್ದಾರೆ. ಏಣೇಲು, ಅಂದರೆ ಮಳೆಗಾಲದ ಭತ್ತದ ಕೊಯ್ಲಿನ ಮಳೆಯಲ್ಲಿ ಅದು ಬೇಡ. ಅಳೆಯಲು ಟೇಪು, ಗಡಿ ತೋರಿಸಲು ಹಗ್ಗ.

ಕೊಯ್ಲಿನ ದಿನ ಗೊತ್ತಾಗದೇ ಹೋಗುವುದು ಈ ಕೆಲಸದ ದೊಡ್ಡ ರೋಗ. ಕೊಯ್ಲು ಯಂತ್ರ ಬಯಲಿಗೆ ಇಳಿದರೆ ಯಾರಿಗೂ ಕಾಯುವುದಿಲ್ಲ. ಪಕ್ಕದ ಗದ್ದೆಗೆ ಬಂದ ಯಂತ್ರ ಬಾಡಿಗೆ ಉಳಿಯುತ್ತದೆಂದು ಇವತ್ತೇ ನಿಮ್ಮ ಆಯ್ಕೆಯ ಗದ್ದೆಗೂ ಹೊಕ್ಕಿರುತ್ತದೆ. ಆಮೇಲೆ ಹೋದವರು ಕೊಯ್ಯದೇ ಉಳಿದ ಇನ್ನೊಂದು ಗದ್ದೆ ಹುಡುಕುತ್ತಾರೆ. ಕೊಯ್ಯದೇ ಉಳಿದದ್ದು ತಡವಾಗಿ ನೆಟ್ಟದ್ದು ಅಥವಾ ಬಿದ್ದು ಹೋದ ಪೈರು, ಹಾಗಾಗಿ ಅದು ಬಯಲಿನ ಸರಾಸರಿ ಅಲ್ಲ. ಕೊಯ್ಲಿಗೆ ಎರಡು ವಾರ ಇರುವಾಗಲೇ ಒಮ್ಮೆ ಹೋಗಿ ಗದ್ದೆ ಗುರುತಿಸಿ. ಕೃಷಿಕರ ಫೋನ್ ನಂಬರಿನ ಜೊತೆಗೆ ಯಂತ್ರ ತರಿಸುವವರ ನಂಬರನ್ನೂ ಬರೆದುಕೊಳ್ಳಿ. ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಂಗಾಮಿನ ಹೆಸರನ್ನೂ ಈಗಲೇ ಸರಿಮಾಡಿಕೊಳ್ಳಬೇಕು. ಮಳೆಗಾಲ, ಚಳಿಗಾಲ, ಬೇಸಿಗೆಯ ಭತ್ತಕ್ಕೆ ನಮೂನೆಯಲ್ಲಿ ಕ್ರಮವಾಗಿ ವಿರಿಪ್ಪು, ಮುಂಡಕನ್, ಪುಂಜ ಎಂದಿರುತ್ತದೆ; ಮನೆಯವರು ಏಣೇಲು, ಸುಗ್ಗಿ, ಕೊಳಕೆ ಎನ್ನುತ್ತಾರೆ. ಕೇರಳದ ಕೃಷಿ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಆದರೆ ‘ಹೋದ ವರ್ಷ ಎಷ್ಟಾಯಿತು’ ಎಂದು ಕೇಳಿದರೆ ಹಿರಿಯರು ಬಿಸುವಿನಿಂದ (ಸೌರ ಯುಗಾದಿ) ಬಿಸುವಿಗೆ ಲೆಕ್ಕ ಹೇಳಿಯಾರು. ವರ್ಷ ಕೇಳಬೇಡಿ, ಹಂಗಾಮು ಕೇಳಿ.

ಜಾಗ ಆಯುವುದು

ಸರ್ವೆ ನಂಬರನ್ನು ಕಚೇರಿಯಲ್ಲೇ ಯಾದೃಚ್ಛಿಕ ಸಂಖ್ಯೆಯಿಂದ, ಅಂದರೆ ಚೀಟಿ ಎತ್ತಿದಂತೆ ಯಾರ ಇಷ್ಟಕ್ಕೂ ಬಿಡದೆ, ಆಯ್ದಿರುತ್ತಾರೆ. ಅಲ್ಲಿಗೆ ಹೋದಾಗ ಭತ್ತ ಇಲ್ಲದಿದ್ದರೆ? ಹಿಂದೆ ಭತ್ತ ಇದ್ದಲ್ಲಿ ಈಗ ಅಡಿಕೆ ಸಸಿ ಇರುವುದು ನಮ್ಮಲ್ಲಿ ಅಪರೂಪವೇನಲ್ಲ. ಕಟಾವು ಪ್ರಯೋಗಕ್ಕಾದರೆ ಸಾಮಾನ್ಯ ನಿಯಮ ಮುಂದಿನ ಸರ್ವೆ ನಂಬರಿಗೆ ಹೋಗುವುದು, ಅಲ್ಲೂ ಇಲ್ಲದಿದ್ದರೆ ಅದರ ಮುಂದಿನದಕ್ಕೆ. ಹಿಂದಕ್ಕೆ ಹೋಗುವಂತಿಲ್ಲ, ರಸ್ತೆ ಬದಿಯದ್ದನ್ನು ಹಿಡಿಯುವಂತಿಲ್ಲ, ‘ಒಳ್ಳೆಯ ಗದ್ದೆ ತೋರಿಸುತ್ತೇನೆ ಬನ್ನಿ’ ಎಂದವರ ಹಿಂದೆ ಹೋಗುವಂತಿಲ್ಲ. ವಿಸ್ತೀರ್ಣದ ಸಮೀಕ್ಷೆಯಲ್ಲಂತೂ ಜಾಗ ಬದಲಿಸಲೇಬಾರದು. ಬೆಳೆ ಇಲ್ಲ ಎಂಬುದೇ ಅಲ್ಲಿ ಬರೆಯಬೇಕಾದ ಉತ್ತರ. ಪಾಳು ಬಿದ್ದ ಗದ್ದೆಯ ಬದಲು ನಾಟಿಯಾದ ಗದ್ದೆ ಬರೆದರೆ ಇಡೀ ಪಂಚಾಯತಿನ ಭತ್ತದ ವಿಸ್ತೀರ್ಣ ಉಬ್ಬುತ್ತದೆ.

ಬೀಗ ಹಾಕಿದ ಮನೆಗಳು ಇನ್ನೊಂದು ತೊಡಕು. ಯಜಮಾನರು ಗಲ್ಫಿನಲ್ಲಿ ಇರುತ್ತಾರೆ, ಗೇಟಿಗೆ ಬೀಗ. ಅಂಥ ಜಾಗವನ್ನು ಬಿಟ್ಟುಬಿಟ್ಟರೆ ನೋಡಿಕೊಳ್ಳುವವರಿರುವ ತೋಟಗಳಷ್ಟೇ ಲೆಕ್ಕಕ್ಕೆ ಬರುತ್ತವೆ. ಬೇಲಿ ಹೊರಗಿನಿಂದಲೇ ಮರ ಎಣಿಸಿ, ಪಕ್ಕದವರಲ್ಲಿ ಕೇಳಿ, ‘ಹೊರಗಿನಿಂದ ಕಂಡದ್ದು’ ಎಂದು ಷರಾ ಬರೆಯಿರಿ. ಷರಾ ಇರುವ ಅರೆಬರೆ ಮಾಹಿತಿಯನ್ನು ಮೇಲಿನವರು ಸರಿಪಡಿಸಬಹುದು. ಖಾಲಿ ಬಿಟ್ಟದ್ದನ್ನು ಯಾರೂ ಸರಿಪಡಿಸಲಾರರು.

ಚೌಕ ಹಾಕುವುದು

1. ಗದ್ದೆಯ ನೈಋತ್ಯ ಮೂಲೆಯಲ್ಲಿ ನಿಲ್ಲಿ. ಅಲ್ಲಿಂದ ಉದ್ದ, ಅಗಲ ಅಳೆಯಿರಿ. ಉದ್ದ 32 ಮೀಟರ್, ಅಗಲ 18 ಮೀಟರ್ ಎಂದಿಟ್ಟುಕೊಳ್ಳಿ.

2. ಎರಡರಿಂದಲೂ 5 ಕಳೆಯಿರಿ. 27 ಮತ್ತು 13 ಉಳಿಯಿತು. ಚೌಕ ಬದುವಿನಾಚೆ ಹೋಗದಿರಲು ಈ ಕಳೆಯುವಿಕೆ.

3. ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕದಿಂದ ಎರಡಂಕಿಯ ಸಂಖ್ಯೆ ತೆಗೆಯಿರಿ. ಉದ್ದಕ್ಕೆ 46 ಬಂದರೆ ಅದರಿಂದ 27 ಕಳೆದು 19. ಅಗಲಕ್ಕೆ 60 ಬಂದರೆ ನಾಲ್ಕು ಸಲ 13 ಕಳೆದು 8. ಉದ್ದಕ್ಕೆ 81ಕ್ಕಿಂತ ಮೇಲಿನದು, ಅಗಲಕ್ಕೆ 91ಕ್ಕಿಂತ ಮೇಲಿನದು, ಮತ್ತು ಎರಡಕ್ಕೂ 00 ಬಂದರೆ ಬಿಟ್ಟು ಮುಂದಿನ ಸಂಖ್ಯೆಗೆ ಹೋಗಿ. 27ರ ಮೂರು ಪಟ್ಟು 81, 13ರ ಏಳು ಪಟ್ಟು 91. ಅದರಾಚೆಯದನ್ನೂ ಸೇರಿಸಿಕೊಂಡರೆ ಸಣ್ಣ ಸಂಖ್ಯೆಗಳಿಗೆ ಒಂದು ಅವಕಾಶ ಹೆಚ್ಚು ಸಿಗುತ್ತದೆ. ಶೇಷ ಸೊನ್ನೆ ಬಂದರೆ ಅದು 27 ಅಥವಾ 13 ಎಂದೇ ಲೆಕ್ಕ.

4. ಮೂಲೆಯಿಂದ ಉದ್ದಕ್ಕೆ 19 ಮೀಟರ್ ನಡೆದು, ಅಲ್ಲಿಂದ ಅಗಲದ ಕಡೆಗೆ 8 ಮೀಟರ್ ಒಳಹೋಗಿ ಮೊದಲ ಗೂಟ ಹೊಡೆಯಿರಿ. ಗೂಟ ಬಿದ್ದಲ್ಲಿ ಪೈರು ಬೋಳಾಗಿದೆ, ಹಂದಿ ಹೊರಳಾಡಿದೆ, ನೀರು ನಿಂತಿದೆ ಎಂದು ಕದಲಿಸಬೇಡಿ. ಹಂದಿ ಹೊರಳಾಡಿದ್ದೂ ಆ ವರ್ಷದ ಇಳುವರಿಯೇ.

5. ಉಳಿದ ಮೂರು ಗೂಟ ಹಾಕಿ. ನಾಲ್ಕು ಬದಿಯೂ 5 ಮೀಟರ್ ಇದ್ದರೆ ಸಾಲದು, ಅದು ಓರೆ ಚೌಕವೂ ಆಗಬಹುದು. ಎರಡೂ ಕರ್ಣ ಅಳೆಯಿರಿ, ಎರಡೂ 7.07 ಮೀಟರ್ ಇರಬೇಕು. ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆ ಇದು.

6. ಹಗ್ಗವನ್ನು ಪೈರಿನ ತಲೆಯ ಮೇಲೆ ಎಳೆಯದೆ ಬುಡಕ್ಕೆ ಇಳಿಸಿ. ಗಡಿಯ ಮೇಲೆ ಬಿದ್ದ ಬುಡದ ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಕೊಯ್ಯಿರಿ, ಇಲ್ಲದಿದ್ದರೆ ಬಿಡಿ. ಒಳಗೆ ಬಾಗಿದ ಹೊರಗಿನ ತೆನೆ ಒಳಗಿನದಲ್ಲ.

ಆರನೆಯ ಹೆಜ್ಜೆಯ ಹಿಂದೆ ದೊಡ್ಡ ಜಗಳವೇ ಇದೆ. ಬಿಹಾರ, ಒರಿಸ್ಸಾದಲ್ಲಿ ಹಬ್ಬಕ್ ಎಂಬ ಅಧಿಕಾರಿ 1920ರ ದಶಕದಲ್ಲಿ ಯಾದೃಚ್ಛಿಕ ಕಟಾವು ಶುರುಮಾಡಿದ ಮೇಲೆ, ಸಣ್ಣ ಚೌಕ ಸಾಕೇ, ದೊಡ್ಡದು ಬೇಕೇ ಎಂಬ ವಾದ ಬೆಳೆಯಿತು. ಸಂಖ್ಯಾಶಾಸ್ತ್ರಜ್ಞರಲ್ಲಿ ಪಿ.ಸಿ. ಮಹಲನೋಬಿಸ್ ಸಣ್ಣ ತುಂಡುಗಳ ಪರ, ಪಿ.ವಿ. ಸುಖಾತ್ಮೆ ದೊಡ್ಡದರ ಪರ, ಸಣ್ಣ ತುಂಡಿನಲ್ಲಿ ಇಳುವರಿ ಹೆಚ್ಚಾಗಿ ಕಾಣುತ್ತದೆ ಎಂಬುದು ಸುಖಾತ್ಮೆಯವರ ಆಕ್ಷೇಪ. ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. ಪ್ರತಿ ಬದಿಯಲ್ಲೂ ಬರೀ 5 ಸೆಂಟಿಮೀಟರ್ ಹೊರಗಿನದು ಸೇರಿತೆನ್ನಿ. 1 ಮೀಟರ್ ಚೌಕ 1.21 ಚದರ ಮೀಟರ್ ಆಗುತ್ತದೆ, ಶೇ. 21 ಹೆಚ್ಚಳ. 5 ಮೀಟರ್ ಚೌಕ 26.01 ಆಗುತ್ತದೆ, ಶೇ. 4. ಕೊಯ್ಯುವವರ ಕೈ ಯಾವಾಗಲೂ ಹೊರಕ್ಕೇ ಹೋಗುತ್ತದೆ. ತುಂಬಿದ ತೆನೆಯನ್ನು ಬಿಡಲು ಯಾರಿಗೂ ಮನಸ್ಸಾಗುವುದಿಲ್ಲ.

ಮಜಲು (ಬಯಲಿಗಿಂತ ಮೇಲ್ಮಟ್ಟದ) ಗದ್ದೆಗಳಲ್ಲಿ 5 ಮೀಟರ್ ಅಗಲವೇ ಇಲ್ಲದ ಪಟ್ಟಿಗಳು ಬರುತ್ತವೆ. ಚೌಕ ಕೂಡದಿದ್ದರೆ ಗದ್ದೆಯನ್ನು ಬಿಡಬೇಕಾಗುತ್ತದೆ. ಆದರೆ ಎಷ್ಟನ್ನು ಬಿಟ್ಟಿರಿ ಎಂದು ಬರೆದಿಡಿ. ಕಿರಿದಾದ ಗದ್ದೆಗಳೆಲ್ಲ ಹೊರಗುಳಿದರೆ ಅಂಕಿಯಲ್ಲಿ ಕಾಣುವುದು ಬಯಲು ಗದ್ದೆಯ ಇಳುವರಿ ಮಾತ್ರ.

ತೂಕ, ತೇವ

ಕೊಯ್ದದ್ದನ್ನು ಟಾರ್ಪಾಲಿನ ಮೇಲೇ ಬಡಿಯಿರಿ. ಮನೆಯವರು ಭತ್ತ ಬಡಿಯುವ ಪಡಿಮಂಚಕ್ಕೆ ಒಯ್ದರೆ ಅಲ್ಲಿ ಮೊದಲೇ ಬಿದ್ದಿರುವ ಕಾಳು ಸೇರುತ್ತದೆ, ನಿಮ್ಮದು ಅಲ್ಲಿ ಉಳಿಯುತ್ತದೆ. ಜೊಳ್ಳು ತೂರಿ, ತಕ್ಕಡಿಯನ್ನು 2 ಕಿಲೋ ಕಲ್ಲಿನಿಂದ ಪರೀಕ್ಷಿಸಿ, ತೂಗಿ. ಮಳೆ ಬಂದು ಅಂದೇ ಬಡಿಯಲಾಗದಿದ್ದರೆ ಕಟ್ಟು ಕಟ್ಟಿ, ಚೀಟಿ ಸಿಕ್ಕಿಸಿ, ಕೃಷಿಕರ ರಾಶಿಯಿಂದ ಬೇರೆಯೇ ಇಡಿ.

ಈಗ ಬರುವುದು ಹಸಿ ತೂಕ. ಸೆಪ್ಟೆಂಬರ್-ಅಕ್ಟೋಬರಿನ ಏಣೇಲು ಭತ್ತಕ್ಕೂ ಬಿಸಿಲಿನಲ್ಲಿ ಕೊಯ್ದ ಕೊಳಕೆ ಭತ್ತಕ್ಕೂ ತೇವದಲ್ಲಿ ಅಜಗಜಾಂತರ. ಚೌಕದಲ್ಲಿ 12.4 ಕಿಲೋ ಬಂತು, ಮಾಪಕ ಶೇ. 22 ತೋರಿಸಿತು ಎಂದಿಟ್ಟುಕೊಳ್ಳಿ. ಶೇ. 14ಕ್ಕೆ ಇಳಿಸುವುದಾದರೆ 12.4ನ್ನು 78ರಿಂದ (100ರಲ್ಲಿ 22 ಕಳೆದದ್ದು) ಗುಣಿಸಿ 86ರಿಂದ (100ರಲ್ಲಿ 14 ಕಳೆದದ್ದು) ಭಾಗಿಸಬೇಕು: 11.25 ಕಿಲೋ. ಹೆಕ್ಟೇರಿಗೆ 4,500 ಕಿಲೋ. ಹಸಿಯಾಗಿಯೇ ಬರೆದಿದ್ದರೆ 4,960. ನಡುವಿನ 460 ಕಿಲೋ ಬರೀ ನೀರು.

ಮಾಪಕ ಇಲ್ಲದಿದ್ದರೆ ಹಳೆಯ ಕ್ರಮವೇ ಗತಿ. ಒಂದು ಕಿಲೋವನ್ನು ಬಟ್ಟೆ ಚೀಲದಲ್ಲಿ ತೆಗೆದು, ಎರಡು ದಿನ ಒಂದೇ ತೂಕ ನಿಲ್ಲುವವರೆಗೆ ಒಣಗಿಸಿ. 880 ಗ್ರಾಂ ಉಳಿದರೆ ಚೌಕದ ತೂಕವನ್ನು 0.88ರಿಂದ ಗುಣಿಸಿ. ಈ ಚೀಲವನ್ನು ಯಾರದೋ ಅಟ್ಟದಲ್ಲಿ ಮರೆತು, ಕಳೆದ ವರ್ಷದ ಗುಣಕವನ್ನೇ ಹಾಕುವುದು ಸಾಮಾನ್ಯ ರೋಗ. ಬರಗಾಲದ ವರ್ಷದ ಗುಣಕ ಮಳೆ ಹೆಚ್ಚಿದ ವರ್ಷಕ್ಕೆ ಹೊಂದುವುದಿಲ್ಲ.

ತೋಟದ ಲೆಕ್ಕ

ಭತ್ತದ ಕೆಲಸಕ್ಕೆ ಪುಸ್ತಕದಲ್ಲಿ ನಿಯಮ ಇದೆ. ತೋಟಕ್ಕೆ ಬಂದರೆ ಪುಸ್ತಕ ಮುಚ್ಚಿ ಯೋಚಿಸಬೇಕಾಗುತ್ತದೆ. ಒಂದೇ ಎಕರೆಯಲ್ಲಿ ಅಡಿಕೆ, ಅದರ ಮೇಲೆ ಕರಿಮೆಣಸು, ಅಡಿಯಲ್ಲಿ ಕೊಕ್ಕೊ, ಅಂಚಿನಲ್ಲಿ ತೆಂಗು, ನೀರಿನ ಕಣಿಯ ಬದಿಗೆ ಬಾಳೆ. ಇದರಲ್ಲಿ ಅಡಿಕೆಯ ವಿಸ್ತೀರ್ಣ ಎಷ್ಟು? ಕಾಸರಗೋಡಿನ ಕೃಷಿ ಅಂಕಿಯ ನಿಜವಾದ ಗಂಟು ಇಲ್ಲಿದೆ; ಭತ್ತದ ತೂಕದ ತಪ್ಪುಗಳೆಲ್ಲ ಸೇರಿದರೂ ಇದರ ಮುಂದೆ ಸಣ್ಣವು.

ಕಣ್ಣಂದಾಜಿನಲ್ಲಿ ‘ಮುಕ್ಕಾಲು ಎಕರೆ ಅಡಿಕೆ’ ಎಂದು ಬರೆಯಬೇಡಿ. ಗಿಡ ಎಣಿಸಿ, ಶಿಫಾರಸಿನ ಅಂತರದಿಂದ ವಿಸ್ತೀರ್ಣಕ್ಕೆ ತಿರುಗಿಸಿ. ಅಡಿಕೆಗೆ 2.7 ಮೀಟರ್ ಅಂತರದಲ್ಲಿ ಹೆಕ್ಟೇರಿಗೆ ಸುಮಾರು 1,370 ಮರ. ತೆಂಗಿಗೆ 7.5 ಮೀಟರಿನಲ್ಲಿ ಸುಮಾರು 177. ಬಾಳೆಗೆ 2 ಮೀಟರಿನಲ್ಲಿ 2,500. ಒಂದು ಎಕರೆ ತೋಟದಲ್ಲಿ 420 ಅಡಿಕೆ, 22 ತೆಂಗು, 60 ಬಾಳೆ ಸಿಕ್ಕಿದರೆ, ಅಡಿಕೆಗೆ 75.8 ಸೆಂಟ್ಸ್, ತೆಂಗಿಗೆ 30.7, ಬಾಳೆಗೆ 5.9. ಕೂಡಿಸಿದರೆ 112.4 ಸೆಂಟ್ಸ್, ಜಾಗ ಇರುವುದು 100.

ಇಲ್ಲಿ ಗಾಬರಿಯಾಗಿ ಯಾವುದಾದರೊಂದು ಬೆಳೆಯಿಂದ 12 ಸೆಂಟ್ಸ್ ಕತ್ತರಿಸುವವರಿದ್ದಾರೆ, ಹೆಚ್ಚಾಗಿ ತೆಂಗಿಗೇ ಕತ್ತರಿ ಬೀಳುತ್ತದೆ. ಹಾಗಲ್ಲ. ಒಟ್ಟು ಬೆಳೆ ವಿಸ್ತೀರ್ಣ ಜಾಗಕ್ಕಿಂತ ಹೆಚ್ಚಿರಬಹುದು, ಅದು ತಪ್ಪಲ್ಲ. ನಿವ್ವಳ ವಿಸ್ತೀರ್ಣ ಕೇಳಿದಲ್ಲಿ ಮಾತ್ರ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಇಳಿಸಬೇಕು: ಅಡಿಕೆ 67.4, ತೆಂಗು 27.3, ಬಾಳೆ 5.3. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ನೆಲ ಹಿಡಿಯುವುದಿಲ್ಲ. ಅದನ್ನು ಬಳ್ಳಿಯ ಸಂಖ್ಯೆಯಾಗಿಯೇ ಬರೆಯಿರಿ. ವಿಸ್ತೀರ್ಣ ಕೇಳಿದರೆ ಯಾವ ಅಂತರದಿಂದ ತಿರುಗಿಸಿದಿರಿ ಎಂದು ಪಕ್ಕದಲ್ಲಿ ನಮೂದಿಸಿ. ಎಣಿಕೆ ಇದ್ದರೆ ಮುಂದೆ ನಿಯಮ ಬದಲಾದರೂ ಮತ್ತೆ ಲೆಕ್ಕ ಹಾಕಬಹುದು.

ಮರ ಎಣಿಸುವಾಗಲೇ ಮೂರು ಪಾಲು ಮಾಡಿ: ಫಸಲಿಗೆ ಬಂದದ್ದು, ಬಾರದ ಸಸಿ, ಹಳದಿ ರೋಗದಿಂದಲೋ ಇನ್ನಾವುದರಿಂದಲೋ ಫಸಲು ನಿಂತದ್ದು. ಅಡಿಕೆ ಫಸಲು ಕೊಡಲು ಐದಾರು ವರ್ಷ ಬೇಕು. ಹೊಸ ತೋಟಗಳು ಏರುತ್ತಿರುವ ಕಾಲದಲ್ಲಿ ಫಸಲಿನ ಮರದ ಇಳುವರಿಯನ್ನು ಒಟ್ಟು ಮರಕ್ಕೆ ಗುಣಿಸಿದರೆ ಇಲ್ಲದ ಅಡಿಕೆ ಕಾಗದದಲ್ಲಿ ಹುಟ್ಟುತ್ತದೆ.

ಅಡಿಕೆಯ ಇಳುವರಿಗೆ ಒಂದು ದಿನದ ಕಟಾವು ಸಾಲದು. ಗೊನೆ ಒಂದೇ ಸಲ ಹಣ್ಣಾಗುವುದಿಲ್ಲ, ಕೊಯ್ಲು ಹಲವು ಸುತ್ತು. ತೋಟದಲ್ಲಿ ಯಾದೃಚ್ಛಿಕವಾಗಿ ಒಂದು ಸಾಲು ಹಿಡಿದು, ಅದರಲ್ಲಿ ಸಮಾನ ಅಂತರದ ಕೆಲವು ಮರಗಳಿಗೆ ಬಣ್ಣದ ಗುರುತು ಹಾಕಿ, ಪ್ರತಿ ಸುತ್ತಿನಲ್ಲೂ ಅವುಗಳ ಗೊನೆಯನ್ನೇ ತೂಗಬೇಕು. ಗೊನೆ ತೆಗೆಯುವವರಿಗೆ ಹೇಳಿಟ್ಟರೆ ಅರ್ಧ ಕೆಲಸ ಮುಗಿಯಿತು. ಬಿದ್ದ ಅಡಿಕೆ ಬೇರೆ ಬರೆಯಿರಿ. ಕೊಳೆರೋಗದ ವರ್ಷ ಉದುರಿದ ಎಳೆಕಾಯಿ ಇಳುವರಿಯಲ್ಲ. ಹಣ್ಣಾಗಿ ಬಿದ್ದು ಹೆಕ್ಕಿದ್ದು ಇಳುವರಿ.

ಆಮೇಲೆ, ಯಾವ ಅಡಿಕೆ? ಹಣ್ಣಡಿಕೆಯೇ, ಒಣಗಿದ ಗೋಟೇ, ಸುಲಿದ ಚಾಲಿಯೇ? ಮೂರಕ್ಕೂ ಕಿಲೋ ಎಂದೇ ಹೆಸರು. ಕೃಷಿಕರು ‘ಇಷ್ಟು ಕ್ವಿಂಟಲ್’ ಎಂದರೆ ಬಹುತೇಕ ಚಾಲಿ, ಆದರೆ ಕೇಳಿ ಖಚಿತಪಡಿಸಿ. ಗುರುತಿನ ಮರಗಳಿಂದ 5 ಕಿಲೋ ಹಣ್ಣಡಿಕೆ ಬೇರೆ ತೆಗೆದು, ಒಂದೂವರೆ ತಿಂಗಳ ಅಂಗಳದ ಬಿಸಿಲು ಮುಗಿದ ಮೇಲೆ ಸುಲಿದು ತೂಗಿದರೆ ಆ ತೋಟದ್ದೇ ಅನುಪಾತ ಸಿಗುತ್ತದೆ. ಮೆಣಸಿಗೂ ಇದೇ ಕ್ರಮ: ಹಸಿ ಮೆಣಸು ಒಣಗಿ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ.

ಮಾರಾಟದ ಚೀಟಿ ನೋಡಿ ಉತ್ಪಾದನೆ ಬರೆಯುವ ಅಡ್ಡದಾರಿಯೂ ಇದೆ, ನಮ್ಮ ಕಡೆ ಅದು ಎರಡು ಕಾರಣಕ್ಕೆ ಕೈಕೊಡುತ್ತದೆ. ಚಾಲಿಯನ್ನು ಧಾರಣೆ ನೋಡಿ ಒಂದೆರಡು ವರ್ಷ ಇಟ್ಟುಕೊಳ್ಳುತ್ತಾರೆ, ಹಾಗಾಗಿ ಈ ವರ್ಷ ಮಾರಿದ್ದು ಈ ವರ್ಷದ್ದಲ್ಲ. ಇನ್ನೊಂದು, ಪೆರ್ಲ, ಬದಿಯಡ್ಕದ ಅಡಿಕೆ ವಿಟ್ಲಕ್ಕೋ ಪುತ್ತೂರಿಗೋ ಮಂಗಳೂರಿಗೋ ಹೋದರೆ ಅಲ್ಲಿನ ಆವಕದಲ್ಲಿ ಸೇರುತ್ತದೆ. ಮಾರುಕಟ್ಟೆಯ ಆವಕವನ್ನು ಹೋಲಿಕೆಗೆ ಇಟ್ಟುಕೊಳ್ಳಿ, ಅಳತೆಗಲ್ಲ.

ತೆಂಗಿಗೆ ತೂಕ ಬೇಡ, ಕಾಯಿಯ ಎಣಿಕೆ. ಗೇರುಬೀಜ ಫೆಬ್ರವರಿಯಿಂದ ಮೇವರೆಗೆ ದಿನವೂ ಹೆಕ್ಕುವಂಥದ್ದು, ನೆನಪಿನ ಲೆಕ್ಕ ನಡೆಯದು. ಮನೆಯವರಿಗೆ ಒಂದು ಚೀಟಿ ಕೊಟ್ಟು ವಾರಕ್ಕೊಮ್ಮೆ ಬರೆಸಿ.

ಇಳಿಜಾರು, ಫೋನು, ಉಪಗ್ರಹ

ಗುಡ್ಡೆಯಲ್ಲಿ ಟೇಪನ್ನು ನೆಲಕ್ಕೆ ತಾಗಿಸಿ ಎಳೆದರೆ ಸಿಗುವುದು ಓರೆ ಉದ್ದ. ನಕ್ಷೆಯ ವಿಸ್ತೀರ್ಣ ಸಮತಲದ್ದು. 20 ಡಿಗ್ರಿ ಇಳಿಜಾರಿನಲ್ಲಿ ಓರೆಯ 100 ಮೀಟರ್ ಸಮತಲದ 94. ಮೆಟ್ಟಿಲು ಮೆಟ್ಟಿಲಾಗಿ, ಟೇಪನ್ನು ಮಟ್ಟವಾಗಿ ಹಿಡಿದು ಅಳೆಯಿರಿ.

ಫೋನಿನ ಜಿಪಿಎಸ್ ತೆರೆದ ಬಯಲಿನಲ್ಲೇ ಕೆಲವು ಮೀಟರ್ ಆಚೀಚೆ, ಅಡಿಕೆ ತೋಟದೊಳಗೆ ಇನ್ನೂ ಕೆಡುತ್ತದೆ. 5 ಸೆಂಟಿನ ಜಾಗ ಬದಿಗೆ 14 ಮೀಟರ್ ಬರುವ ಚೌಕ. 5 ಮೀಟರ್ ತಪ್ಪುವ ಸಾಧನದಿಂದ ಅದರ ವಿಸ್ತೀರ್ಣ ಅಳೆಯಲಾಗದು. ಫೋನಿನ ಉಪಯೋಗ ‘ಇಲ್ಲಿಗೆ ಬಂದಿದ್ದೆ’ ಎಂದು ತೋರಿಸಲು, ವಿಸ್ತೀರ್ಣಕ್ಕೆ ಸರ್ವೆ ನಕ್ಷೆ ಮತ್ತು ಟೇಪು. ಉಪಗ್ರಹದ ಚಿತ್ರದಿಂದ ಎಲ್ಲ ಮುಗಿಯುತ್ತದೆ ಎಂಬ ಮಾತು ಬಯಲುಸೀಮೆಯ ಹತ್ತಿ, ಕಡಲೆಗೆ ಸ್ವಲ್ಪ ಹೊಂದೀತು. ನಮ್ಮಲ್ಲಿ ಏಣೇಲಿನ ಇಡೀ ಕಾಲ ಮೋಡ, ತೋಟದಲ್ಲಿ ಮೇಲಿನಿಂದ ಕಾಣುವುದು ಅಡಿಕೆ, ತೆಂಗಿನ ತಲೆ ಮಾತ್ರ. ಕೆಳಗಿನ ಕೊಕ್ಕೊ ಕಾಣುವುದಿಲ್ಲ.

ಕೂಡಿಸಿದ ಮೇಲೆ

2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಗ್ರಾಮ ಪಂಚಾಯತಿಗೆ ಮುಖ್ಯ ಬೆಳೆಯೊಂದಕ್ಕೆ ಕನಿಷ್ಠ 4 ಕಟಾವು ಪ್ರಯೋಗ ಎಂದಿದೆ. ನಾಲ್ಕರ ಬಲ ಎಷ್ಟು ಎಂದು ಒಂದು ಉದಾಹರಣೆಯಿಂದ ನೋಡಬಹುದು. ತೂಕಗಳು 9.8, 11.2, 7.4, 12.0 ಕಿಲೋ ಎಂದಿರಲಿ. ಸರಾಸರಿ 10.1, ಹೆಕ್ಟೇರಿಗೆ 4,040 ಕಿಲೋ. ತೂಕಗಳು ಸರಾಸರಿಯಿಂದ ಚದುರಿದ ಪ್ರಮಾಣ, ಅಂದರೆ ಮಾನಕ ವಿಚಲನೆ, ಸುಮಾರು 2 ಕಿಲೋ. ನಾಲ್ಕರ ವರ್ಗಮೂಲ 2ರಿಂದ ಭಾಗಿಸಿದರೆ ಸರಾಸರಿಯ ದೋಷ 1 ಕಿಲೋ, ಅಂದರೆ ಹೆಕ್ಟೇರಿಗೆ 400 ಕಿಲೋ ಆಚೀಚೆ, ಶೇ. 10. ಅದನ್ನು ಶೇ. 5ಕ್ಕೆ ಇಳಿಸಲು 8 ಸಾಲದು, 16 ಬೇಕು. ಹೀಗಾಗಿ ಪಂಚಾಯತಿನ ಇಳುವರಿ ಕಳೆದ ವರ್ಷಕ್ಕಿಂತ ಶೇ. 6 ಇಳಿಯಿತು ಎಂಬ ಸುದ್ದಿಗೆ ನಾಲ್ಕು ಚೌಕದ ಆಧಾರವಷ್ಟೇ ಇದ್ದರೆ ಅದು ಇಳಿದಿದೆಯೋ ಇಲ್ಲವೋ ಹೇಳಲಾಗದು.

ಆದರೂ ಚೌಕದ ಸಂಖ್ಯೆ ಹೆಚ್ಚಿಸುವ ಮೊದಲು ಇರುವ ಚೌಕಗಳು ನಿಜವೇ ಎಂದು ನೋಡಬೇಕು. ಹತ್ತರಲ್ಲಿ ಒಂದನ್ನಾದರೂ ಬೇರೆಯವರು ಕೊಯ್ಲಿನ ದಿನವೇ ಹೋಗಿ ನೋಡಲಿ. ಕೊಯ್ದ ಮೇಲೆ ಹೋಗಿ ಕೂಳೆ ನೋಡಿ ಪ್ರಯೋಜನವಿಲ್ಲ. ಕಚೇರಿಯಲ್ಲಿ ಕೂತೇ ಮಾಡಬಹುದಾದ ಪರೀಕ್ಷೆಯೂ ಇದೆ. ಒಬ್ಬ ಸಮೀಕ್ಷಕರ ಎಲ್ಲ ತೂಕಗಳ ಕೊನೆಯ ಅಂಕಿ ಎಣಿಸಿ. ತಕ್ಕಡಿಯಲ್ಲಿ ತೂಗಿದ್ದರೆ 0ಯಿಂದ 9ರವರೆಗೆ ಎಲ್ಲವೂ ಹೆಚ್ಚುಕಡಿಮೆ ಸಮನಾಗಿ ಬರಬೇಕು. 10.0, 12.5, 11.0, 9.5 ಎಂದೇ ಸಾಲಾಗಿ ಇದ್ದರೆ ಅದು ತೂಕವಲ್ಲ, ಅಂದಾಜು. ಒಂದೇ ದಿನ ದೂರದೂರದ ಐದು ಗದ್ದೆಗಳ ಕಟಾವು ಬರೆದಿದ್ದರೆ, ಎಲ್ಲ ಚೌಕಗಳ ಯಾದೃಚ್ಛಿಕ ಸಂಖ್ಯೆ 1ರಿಂದ 5ರೊಳಗೇ ಇದ್ದರೆ, ಬದುವಿನ ಹತ್ತಿರವೇ ಹಗ್ಗ ಕಟ್ಟಿದ್ದಾರೆ ಅಥವಾ ಕಟ್ಟಿಯೇ ಇಲ್ಲ. ಅಂಥ ನಮೂನೆಗಳನ್ನು ತಿದ್ದಿ ಸೇರಿಸಬೇಡಿ, ಪಕ್ಕಕ್ಕೆ ತೆಗೆದಿಟ್ಟು ಎಷ್ಟು ತೆಗೆದಿರಿ ಎಂದು ವರದಿಯ ಮೊದಲ ಪುಟದಲ್ಲೇ ಬರೆಯಿರಿ.